ಗಂಗಜ್ಜಿ ಡಬ್ಬಿ

೨೦೨೫ರ ಫೆಬ್ರವರಿ ೩, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ನಾನು ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದಾಗ ಪಕ್ಕದ ಮನೆಯಲ್ಲಿ ಹತ್ತಿ ಗಿರಣಿಯ ಸೈರನ್ ಕೂಗಿತು!

ನಮ್ಮ ದಾವಣಗೆರೆಯಲ್ಲಿ ಗಿರಣಿ ಸೈರನ್ನುಗಳು ನಿಂತು ಎಷ್ಟೋ ವರ್ಷಗಳಾದವು. ಆದರೆ ಮುಚ್ಚಿದ ಗಿರಣಿಯೊಂದರ ಸೈರನ್ನನ್ನು ಗುಜರಿಯಲ್ಲಿ ಹುಡುಕಿ ತಂದು ಮನೆಯಲ್ಲಿಟ್ಟುಕೊಂಡವರು ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ. ಅವರೇ ಕೊಟ್ರೇಶಪ್ಪ. ಅದೇ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಅವರ ಮನೆಯಲ್ಲಿ ಸೈರನ್ ಕೂಗಿತೆಂದರೆ ಹೊಸ ಯಂತ್ರವೊಂದು ಹುಟ್ಟಿದೆ ಎಂದರ್ಥ. ಕಳೆದ ಸಲ ಕೂಗಿದಾಗ ತಾನಾಗಿ ರೊಟ್ಟಿ ತಟ್ಟುವ ಯಂತ್ರ ಹುಟ್ಟಿತ್ತು. ಅದನ್ನು ನೋಡಲು ನೆಂಟರಿಷ್ಟರನ್ನೆಲ್ಲ ಕರೆದಿದ್ದರು. ಯಂತ್ರ ತಟ್ಟಿದ ಹದಿನಾಲ್ಕು ರೊಟ್ಟಿಗಳಲ್ಲಿ ಒಂಬತ್ತು ನೆಂಟರ ಮುಖಕ್ಕೆ, ನಾಲ್ಕು ಫ್ಯಾನಿಗೆ, ಒಂದು ನನ್ನ ಕನ್ನಡಕಕ್ಕೆ ಅಂಟಿದ್ದವು. ಹಾಗಾಗಿ ಈ ಸಲ ಕನ್ನಡಕವನ್ನು ಜೇಬಿಗೆ ಹಾಕಿಕೊಂಡೇ ಹೋದೆ. ಇನ್ನೊಂದು ಜೇಬಿನಲ್ಲಿ ಸ್ಟಾಪ್‌ವಾಚ್ ಇತ್ತು. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನಿಗೆ ಅಳೆಯುವ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

"ಬರ್ರಿ ಮೇಷ್ಟ್ರೇ, ಬರ್ರಿ! ಇವತ್ತಿಗೆ ಆ ಸಾಲದೋರು, ಸೈಟಿನೋರು ಎಲ್ಲಾ ಖಲಾಸ್!"

ಮೇಜಿನ ಮೇಲೆ ಮಂಡಕ್ಕಿ ತುಂಬಿಡುವ ದೊಡ್ಡ ತಗಡಿನ ಡಬ್ಬಿ. ಅದಕ್ಕೆ ನಾಲ್ಕಾರು ವೈರು, ಒಂದು ಸ್ಪೀಕರು, ಮುಚ್ಚಳದ ಪಕ್ಕ ಒಂದು ಹಸಿರು ದೀಪ. ಮುಚ್ಚಳದ ಮೇಲೆ ಅವರ ಹೆಂಡತಿ ನೀಲಮ್ಮನವರ ಮೊಬೈಲು. ಡಬ್ಬಿಯಲ್ಲಿದ್ದ ಮಂಡಕ್ಕಿ ಈಗ ನೀಲಮ್ಮನವರ ತಾಯಿ ಗಂಗಜ್ಜಿಯ ಮಡಿಲಲ್ಲಿತ್ತು. ಎಂಬತ್ನಾಲ್ಕು ವರ್ಷದ ಗಂಗಜ್ಜಿ ಅದನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ, "ಡಬ್ಬಿ ಹೋತು, ಮಂಡಕ್ಕಿ ಮೆತ್ತಗಾತು. ಅಳಿಯದೇವ್ರ ಪ್ರತಾಪ!" ಎಂದರು.

ನೀಲಮ್ಮನವರು ಮಾತ್ರ ನಗಲಿಲ್ಲ. ಅವರ ಕಷ್ಟ ಬೇರೆ. ರೇಡಿಯೋದಲ್ಲಿ ವಚನ ಹಾಡಬೇಕೆಂದು ಹನ್ನೊಂದು ವರ್ಷಗಳಿಂದ ಅರ್ಜಿ ಹಾಕುತ್ತಿದ್ದವರಿಗೆ ಡಿಸೆಂಬರಿನಲ್ಲಿ ಧ್ವನಿ ಪರೀಕ್ಷೆ ಆಗಿತ್ತು. ಆಯ್ಕೆಯಾದರೆ ಫೆಬ್ರವರಿ ಹದಿನೈದರೊಳಗೆ ಫೋನ್ ಬರುತ್ತದೆ, ಬರದಿದ್ದರೆ ಇಲ್ಲ ಎಂದು ತಿಳಿಯಿರಿ ಎಂದಿದ್ದರಂತೆ. ಅಂದಿನಿಂದ ಫೋನ್ ಗುಂಯ್ ಎಂದರೆ ಸಾಕು, ಇವರು ಓಡುತ್ತಿದ್ದರು.

"ಮೊನ್ನೆ ಒಂದೇ ದಿನ ಮೂವತ್ತೊಂದು ಸಲ ಓಡಿದೀನಿ ಮೇಷ್ಟ್ರೇ, ಹಿಟ್ಟಿನ ಕೈಲೇ! ಎತ್ತಿದ್ರೆ ಸಾಲ ಬೇಕಾ, ಸೈಟ್ ಬೇಕಾ, ವಿಮೆ ಬೇಕಾ! ಅರ್ಧ ಅಂತೂ ಮನುಷ್ಯರೂ ಅಲ್ಲ. ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತಾವೆ. ಎದುರಿಗಿದ್ದಿದ್ರೆ ಕತ್ತು ಒತ್ತಿರ್ತಿದ್ದೆ!"

ಅಂಥ ಕರೆಗಳನ್ನು ಅವರು ಎಷ್ಟು ಹೊತ್ತಿನಲ್ಲಿ ಕತ್ತರಿಸುತ್ತಿದ್ದರೆಂದು ನಾನು ಮೊದಲೇ ಅಳೆದಿದ್ದೆ. ಸರಾಸರಿ ನಾಲ್ಕು ಸೆಕೆಂಡು.

ಅಷ್ಟರಲ್ಲಿ ಫೋನ್ ಗುಂಯ್ ಎಂದಿತು. ನೀಲಮ್ಮನವರು ಅಭ್ಯಾಸಬಲದಿಂದ ಎದ್ದರು. ಕೊಟ್ರೇಶಪ್ಪ ಕೈ ಅಡ್ಡ ಹಿಡಿದರು.

"ನಮಸ್ಕಾರ! ನಿಮಗೆ ಐದು ಲಕ್ಷ ರೂಪಾಯಿ ಸಾಲ ಮಂಜೂರಾಗಿದೆ. ಮಾಹಿತಿಗಾಗಿ ಒಂದನ್ನು ಒತ್ತಿ."

"ಅಯ್ಯ ನನ್ನವ್ವ, ಊಟ ಆತೇನು?" ಎಂದಿತು ಡಬ್ಬಿ!

ಮಂಡಕ್ಕಿ ಗಂಗಜ್ಜಿಯ ಗಂಟಲಲ್ಲೇ ನಿಂತಿತು. "ಲೇ ಕೊಟ್ರೇಶಪ್ಪ! ಅದು ನಾನು!"

"ಹೌದತ್ತೆ, ನೀವೇ. ಐವತ್ತು ದಿನ ನೀವು ಫೋನಲ್ಲಿ ಮಾತಾಡಿದ್ದನ್ನೆಲ್ಲ ಡಬ್ಬಿಗೆ ಕಲಿಸೀನಿ."

"ಕ್ಷಮಿಸಿ, ಅರ್ಥವಾಗಲಿಲ್ಲ. ಒಂದನ್ನು ಒತ್ತಿ."

"ಒತ್ತೋಣಂತೆ ತಾಯಿ. ಒಂದು ಎಲ್ಲಿಗೆ ಓಡಿ ಹೋಗ್ತೈತೆ? ಯಾವೂರಾತು ನಿಮ್ದು? ದನಿ ಯಾಕೋ ಸೊರಗೈತಲ್ಲ, ಮೈಯಾಗೆ ಆರಾಮಿಲ್ಲೇನು? ಶುಂಠಿ ಕಷಾಯ ಕುಡಿ..."

ಇಪ್ಪತ್ತೆರಡು ನಿಮಿಷ ಹತ್ತು ಸೆಕೆಂಡು! ಕೊನೆಗೆ ಫೋನ್ ಇಟ್ಟದ್ದು ಅತ್ತಲಿನ ಯಂತ್ರವೇ. ಕೊಟ್ರೇಶಪ್ಪ ಸಂತೋಷ ತಡೆಯಲಾರದೆ ಇನ್ನೊಮ್ಮೆ ಸೈರನ್ ಕೂಗಿಸಿದರು.

"ಅಲ್ರೀ, ರೇಡಿಯೋದೋರು ಮಾಡಿದ್ರೆ?" ಎಂದರು ನೀಲಮ್ಮ.

"ಅದಕ್ಕೇ ಹಸಿರು ದೀಪ ಇಟ್ಟೀನಿ. ಗೊತ್ತಿಲ್ಲದ ನಂಬರಿಂದ ಯಾರೇ ಮಾಡ್ಲಿ, ಮೊದ್ಲು ಮರ್ಯಾದೆ ಮಾತು. ಅದು ಮುಗಿದ ಮೇಲೆ ಏನು ವಿಷಯ ಅಂತ ಕೇಳ್ತೈತೆ. ಖರೇ ವಿಷಯ ಇದ್ರೆ ದೀಪ ಹತ್ತಿಸಿ ನಿನ್ನ ಕರೀತೈತೆ."

"ಮೊದಲೇ ವಿಷಯ ಕೇಳಿಬಿಟ್ಟರೆ ಆಗದೆ?" ಎಂದೆ.

"ಎತ್ತಿದ ಕೂಡ್ಲೆ ಏನು ವಿಷಯ ಅಂತ ಕೇಳೋಕೆ ನಾವೇನು ಕೋರ್ಟ್ ಅಮೀನರೇನ್ರಿ ಮೇಷ್ಟ್ರೇ?"

"ಸರಿ. ಗಂಗಜ್ಜಿಯ ಮರ್ಯಾದೆ ಮಾತು ಮುಗಿಯಲು ಎಷ್ಟು ಹೊತ್ತು ಬೇಕು? ಅಳೆದಿದ್ದೀರಾ?"

ಕೊಟ್ರೇಶಪ್ಪ ವೈರುಗಳನ್ನು ಸರಿಪಡಿಸುವುದರಲ್ಲಿ ಮಗ್ನರಾದರು.

*

ಮುಂದಿನ ಹನ್ನೆರಡು ದಿನ ಆ ಮನೆಯಲ್ಲಿ ಎಂಥ ಶಾಂತಿ! ಡಬ್ಬಿ ಮಾತಾಡುತ್ತಿತ್ತು. ನೀಲಮ್ಮನವರು ರೊಟ್ಟಿ ತಟ್ಟುತ್ತಿದ್ದರು. ಯಾರೂ ಓಡುತ್ತಿರಲಿಲ್ಲ. ಆದರೆ ಹಸಿರು ದೀಪವೂ ಹತ್ತುತ್ತಿರಲಿಲ್ಲ.

ಹದಿಮೂರನೇ ತಾರೀಕು ನೀಲಮ್ಮನವರು ಬಲ್ಬು ಸುಟ್ಟಿದೆಯೇ ನೋಡಿ ಎಂದರು. ಬಲ್ಬು ಚೆನ್ನಾಗಿತ್ತು. ಹದಿನಾಲ್ಕಕ್ಕೆ ಡಬ್ಬಿಯ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಹದಿನೈದರ ಸಂಜೆ ಏಳಕ್ಕೆ ಎದ್ದು ಶ್ರುತಿಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿದರು.

"ಇದನ್ನ ಮೇಲಕ್ಕೆ ಇಟ್ಬಿಡ್ರಿ. ಕೈಗೆ ಸಿಗದಂಗೆ ಇಡ್ರಿ."

ಕೊಟ್ರೇಶಪ್ಪ ಏಣಿ ತಂದರು.

*

ಮರುದಿನ ಭಾನುವಾರ. ಮಧ್ಯಾಹ್ನ ಹನ್ನೆರಡೂವರೆಗೆ ಅವರ ಬಾಗಿಲಲ್ಲಿ ಇಬ್ಬರು ಹುಡುಗಿಯರು ನಿಂತಿದ್ದರು. ಕೈಯಲ್ಲಿ ಬಾಳೆಹಣ್ಣು.

"ಗಂಗಜ್ಜಿ ಮನೆ ಇದೇನಾ? ನಾವು ಸಾಲದ ಕಂಪನಿಯವರು. ಅಜ್ಜಿ ಊಟಕ್ಕೆ ಕರೆದಿದ್ರು."

ಅವರ ಹಿಂದೆ ಸೈಟಿನವರು. ಅವರ ಹಿಂದೆ ವಿಮೆಯವರು. ಅವರ ಹಿಂದೆ ನೀರು ಶುದ್ಧ ಮಾಡುವ ಯಂತ್ರದ ಒಬ್ಬ ದಪ್ಪನೆಯವನು, ಹೆಂಡತಿಯ ಸಮೇತ! ನಾನು ಎಣಿಸಿದೆ. ಒಟ್ಟು ಇಪ್ಪತ್ತೇಳು ಜನ.

"ರೀ! ಇದೇನು ಮನೆಯೋ, ಛತ್ರವೋ?" ನೀಲಮ್ಮನವರ ಕೂಗಿಗೆ ಸೈರನ್ನೇ ನಾಚಬೇಕು.

ವಿಚಾರಿಸಿದಾಗ ತಿಳಿಯಿತು. ಗಂಗಜ್ಜಿ ಯಾರೊಡನೆ ಮಾತಾಡಿದರೂ ಕಡೆಗೆ "ಒಂದು ಭಾನುವಾರ ಬಂದು ಹೋಳಿಗೆ ಉಂಡು ಹೋಗ್ರಿ" ಎನ್ನುತ್ತಾರೆ. ಕೇಳಿದವರು "ಆಗಲಜ್ಜಿ" ಎನ್ನುತ್ತಾರೆ. ಯಾರೂ ಬರುವುದಿಲ್ಲ. ಬರಬಾರದೆಂದು ಎಲ್ಲರಿಗೂ ಗೊತ್ತು. ಆದರೆ ಕೊಟ್ರೇಶಪ್ಪನವರಿಗೆ ಯಂತ್ರದಲ್ಲಿ 'ಒಂದು ಭಾನುವಾರ' ಎಂಬ ಅಸ್ಪಷ್ಟ ಮಾತು ಸಹಿಸಲಾಗಿರಲಿಲ್ಲ. ಅದನ್ನು ತಿದ್ದಿ, 'ಫೆಬ್ರವರಿ ಹದಿನಾರು, ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ' ಎಂದು ಬರೆದು, ಜೊತೆಗೆ ಮನೆಯ ನಂಬರನ್ನೂ ಅಡ್ಡರಸ್ತೆಯನ್ನೂ ಸೇರಿಸಿದ್ದರು!

"ಇಷ್ಟು ಜನಕ್ಕೆ ಹೋಳಿಗೆ ಯಾರು ಬಡೀತಾರೆ? ನಿಮ್ಮ ಡಬ್ಬಿ ಬಡೀತೈತೇನು?"

"ಹೂರಣ ರುಬ್ಬೋಕೆ ಒಂದು ಮೋಟಾರು..."

"ಮೋಟಾರು ಅಂದ್ರೆ ನೋಡ್ರಿ ಮತ್ತೆ!"

ಗಂಗಜ್ಜಿಯ ಮುಖ ಮಾತ್ರ ಬೆಳದಿಂಗಳಂತಾಗಿತ್ತು. "ಎಪ್ಪತ್ತು ವರ್ಷದಿಂದ ಕರೀತಿದೀನಿ. ಕರೆದೋರು ಬಂದಿದ್ದು ಇದೇ ಮೊದ್ಲು! ಕುಂದ್ರಿ, ಕುಂದ್ರಿ!"

ಬೇಳೆ ಬೇಯಲು ಇಟ್ಟದ್ದಾಯಿತು. ಸಾಲದ ಹುಡುಗಿಯರು ಬೆಲ್ಲ ಕುಟ್ಟಿದರು. ಸೈಟಿನವರು ಎಲೆ ಹಾಸಿದರು. ಮೂಲೆಯಲ್ಲಿದ್ದ ಸಣಕಲು ಮನುಷ್ಯನೊಬ್ಬ ಮಾತ್ರ ಎಲ್ಲರ ಬಳಿಯೂ ಏನೋ ಹೇಳಲು ಒದ್ದಾಡುತ್ತಿದ್ದ.

"ಅಜ್ಜಿ, ನಾನು ಬಂದ ವಿಷಯ..."

"ವಿಷಯ ಎಲ್ಲಿಗೆ ಓಡಿ ಹೋಗ್ತೈತಪ್ಪ? ಮೊದ್ಲು ಉಣ್ಣು!"

ಕೊಟ್ರೇಶಪ್ಪನವರ ಬಳಿ ಹೋದ. "ನಮಗೆ ಸೈಟ್ ಬೇಡ ಮಾರಾಯ" ಎಂದರು. ನನ್ನ ಬಳಿ ಬಂದ. ನನಗೆ ವಿಮೆ ಈಗಾಗಲೇ ಇದೆ ಎಂದು ನಾನು ಗಂಭೀರವಾಗಿ ತಿಳಿಸಿದೆ.

ಎರಡು ಗಂಟೆಗೆ ಪಂಕ್ತಿ ಕೂತಿತು. ನೀಲಮ್ಮನವರಿಗೆ ಸಿಟ್ಟು ಬಂದರೆ ಹಾಡು ಬರುತ್ತದೆ. ಬೇರೆಯವರಾದರೆ ಪಾತ್ರೆ ಕುಕ್ಕುತ್ತಾರೆ, ಇವರು ವಚನ ಹಾಡುತ್ತಾರೆ. ಅಂದು ಇಪ್ಪತ್ತೇಳು ಜನರ ಸಿಟ್ಟು ಒಟ್ಟಿಗೆ ಸೇರಿತ್ತು. ಅಡುಗೆಮನೆಯಿಂದ ಎದ್ದ ದನಿಗೆ ಪಂಕ್ತಿಯೆಲ್ಲ ತುತ್ತು ಎತ್ತಿದ ಕೈಯಲ್ಲೇ ಕೂತುಬಿಟ್ಟಿತು.

ಸಣಕಲು ಮನುಷ್ಯ ಅರ್ಧ ಹೋಳಿಗೆ ಹಿಡಿದುಕೊಂಡೇ ಎದ್ದು ನಿಂತ.

"ಅಮ್ಮಾ! ಇದೇ ದನಿ! ಇದಕ್ಕೇ ನಾನು ಎಂಟನೇ ತಾರೀಕಿನಿಂದ ಫೋನ್ ಮಾಡ್ತಿರೋದು! ನಾನು ರೇಡಿಯೋದವನು, ರುದ್ರಮುನಿ!"

ಒಳಗೆ ಲಟ್ಟಣಿಗೆ ಬಿದ್ದ ಸದ್ದು.

"ಮೂರು ಸಲ ಮಾಡಿದೀನಮ್ಮ. ಒಟ್ಟು ಒಂದು ಗಂಟೆ ಐವತ್ತೆರಡು ನಿಮಿಷ! ನಮ್ಮೂರು ಹೇಳಿದೆ, ನಮ್ಮಮ್ಮನ ಮಂಡಿ ನೋವು ಹೇಳಿದೆ, ನನ್ನ ಹೆಂಡತಿಯ ಸೋದರಮಾವನ ಹಲ್ಲು ಸೆಟ್ ಕಳೆದದ್ದನ್ನೂ ಹೇಳಿದೆ. 'ರೇಡಿಯೋ' ಅನ್ನೋಕೆ ಮಾತ್ರ ಆಗಲೇ ಇಲ್ಲ!"

"ಇಟ್ಟುಬಿಡಬೇಕಿತ್ತು" ಎಂದೆ.

ಅವನು ನನ್ನನ್ನು ಕಟುಕನನ್ನು ನೋಡುವಂತೆ ನೋಡಿದ. "ವಯಸ್ಸಾದೋರು ಊಟ ಆಯ್ತಾ ಅಂತ ಕೇಳ್ತಾ ಇರುವಾಗ ಹೇಗೆ ಸಾರ್ ಇಡೋದು?"

ಕೊಟ್ರೇಶಪ್ಪ ಡಬ್ಬಿಯ ವೈರು ಕಿತ್ತು, ಯಾರೂ ಹೇಳದೆಯೇ ಏಣಿ ತಂದರು.

*

ನೀಲಮ್ಮನವರ ಹಾಡು ಮಾರ್ಚ್ ಹದಿಮೂರು, ಗುರುವಾರ, ಬೆಳಿಗ್ಗೆ ಏಳು ಗಂಟೆ ಐದು ನಿಮಿಷಕ್ಕೆ ಎಂದು ಗೊತ್ತಾಯಿತು. ಅವರಿಗೆ ಇನ್ನು ಒಂದೇ ಆಸೆ. ಹನ್ನೊಂದು ವರ್ಷ ನಕ್ಕಿದ್ದ ನೆಂಟರೆಲ್ಲ ಕೇಳಬೇಕು. ಆದರೆ "ನನ್ನ ಹಾಡು ಕೇಳ್ರಿ ಅಂತ ನಾನೇ ಹೇಳ್ಕೊಳ್ಳೋದಾ?" ಎಂಬ ಸಂಕೋಚ. ಕೊಟ್ರೇಶಪ್ಪನವರ ನಂಬರನ್ನು ರೊಟ್ಟಿ ಯಂತ್ರದ ಪ್ರಕರಣದ ನಂತರ ಬಂಧುಬಳಗ ಬ್ಲಾಕ್ ಮಾಡಿತ್ತು. "ಅರವತ್ಮೂರು ಮನೆಗೂ ನಾನು ಫೋನ್ ಮಾಡ್ತೀನಿ" ಎಂದು ಗಂಗಜ್ಜಿ ಒಪ್ಪಿಕೊಂಡರು.

ಅದಕ್ಕೆ ಮೊದಲೇ, ಮಾರ್ಚ್ ಒಂದರಂದು, ನನ್ನ ಫೋನ್ ಗುಂಯ್ ಎಂದಿತ್ತು.

"ಅಯ್ಯ ನನ್ನಪ್ಪ, ಊಟ ಆತೇನು?"

ಗಂಗಜ್ಜಿಯೇ, ನಂಬರೂ ಅವರದೇ. ನನ್ನ ಸಕ್ಕರೆ ಕಾಯಿಲೆ, ಸೊಸೆಯ ಬಾಣಂತನ, ಕರಿಬೇವಿಗೆ ಬಂದ ಹುಳ, ಎಲ್ಲವನ್ನೂ ಹೇಳಿದೆ. ಹನ್ನೊಂದು ನಿಮಿಷದ ಮೇಲೆ ಅಜ್ಜಿ ಅಕ್ಕರೆಯಿಂದ, "ಅಂದಂಗೆ ನಿನಗೆ ಐದು ಲಕ್ಷ ಸಾಲ ಮಂಜೂರಾಗೈತಪ್ಪ. ಒಂದನ್ನ ಒತ್ತು" ಎಂದರು.

ಪಕ್ಕದ ಮನೆಗೆ ಓಡಿದೆ. ಗಂಗಜ್ಜಿ ಗೊರಕೆ ಹೊಡೆಯುತ್ತಿದ್ದರು!

ಆ ಕಂಪನಿಗಳ ಯಂತ್ರಗಳೂ ಕಲಿಯುತ್ತವಂತೆ. ಯಾವ ಮಾತು ಎದುರಿನವರನ್ನು ಹೆಚ್ಚು ಹೊತ್ತು ಫೋನಿನಲ್ಲಿ ಹಿಡಿದಿಡುತ್ತದೋ ಅದನ್ನೇ ಎತ್ತಿಕೊಳ್ಳುತ್ತವೆ. ಹನ್ನೆರಡು ದಿನ ನಮ್ಮ ಡಬ್ಬಿಯೊಡನೆ ಮಾತಾಡಿ, ದನಿ, ಧಾಟಿ, ಕಷಾಯ, ಕೊನೆಗೆ ಡಬ್ಬಿ ಮಾತಿನ ನಡುವೆ ಹೇಳಿದ್ದ ಗಂಗಜ್ಜಿಯ ನಂಬರನ್ನೇ ತೋರಿಸುವುದನ್ನೂ ಕಲಿತಿದ್ದವು!

"ಅಂದ್ರೆ ನನ್ನ ಡಬ್ಬಿ ಹತ್ರ ಟ್ಯೂಷನ್ ತಗೊಂಡಾವೆ!" ಎಂದರು ಕೊಟ್ರೇಶಪ್ಪ. ಮುಖ ಬಿಳಿಚಿತ್ತು. ಆದರೂ ಮೀಸೆಯ ಕೆಳಗೆ ಒಂದಿಷ್ಟು ಹೆಮ್ಮೆ ಇಣುಕಿತು.

ಮೊದಲ ವಾರ ಜಿಲ್ಲೆಯೆಲ್ಲ ಮರ್ಯಾದೆಯಿಂದ ಉತ್ತರ ಕೊಟ್ಟಿತು. ಎರಡನೇ ವಾರಕ್ಕೆ ಬುದ್ಧಿ ಬಂತು. ಗಂಗಜ್ಜಿಯ ದನಿ ಕಿವಿಗೆ ಬಿದ್ದದ್ದೇ ತಡ, ಟಕ್!

ಮಾರ್ಚ್ ಹನ್ನೆರಡರ ಬೆಳಿಗ್ಗೆ ಗಂಗಜ್ಜಿ ಫೋನ್ ಹಿಡಿದು ಕೂತರು.

"ಅಯ್ಯ ನನ್ನವ್ವ, ಊಟ ಆ..." ಟಕ್.

"ನಾನು ಖರೇವಂದ್ರೂ ಗಂಗಜ್ಜಿನೇ ಕಣೇ!"

"ನಿನ್ನೆ ಮಾಡಿದೋಳೂ ಹಂಗೇ ಅಂದ್ಲು!" ಟಕ್.

"ಅತ್ತೆ, ಊಟದ ಮಾತು ಬಿಡ್ರಿ! ಎತ್ತಿದ ಕೂಡ್ಲೆ ರೇಡಿಯೋ ಅಂದ್ಬಿಡ್ರಿ!" ಎಂದು ಕೊಟ್ರೇಶಪ್ಪ ಅಂಗಲಾಚಿದರು.

ಗಂಗಜ್ಜಿ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ಊಟ ಕೇಳದೆ ವಿಷಯ ಹೇಳೋಕೆ ನಾನೇನು ಮಷಿನ್ನಾ?"

ಅರವತ್ಮೂರು ಮನೆಯೂ ಮುಗಿಯಿತು. ಒಬ್ಬರಿಗೂ ಸುದ್ದಿ ಮುಟ್ಟಲಿಲ್ಲ.

*

ಗುರುವಾರ ಏಳು ಐದಕ್ಕೆ ರೇಡಿಯೋ ಮುಂದೆ ನಾವು ನಾಲ್ವರೇ. ಮೊದಲೇ ಧ್ವನಿಮುದ್ರಿಸಿಕೊಂಡಿದ್ದ ಹಾಡು ಹದಿನೈದು ನಿಮಿಷ. ಕೊಟ್ರೇಶಪ್ಪ ಯಾವ ವೈರನ್ನೂ ಮುಟ್ಟದೆ, ಕೈಕಟ್ಟಿಕೊಂಡು ಕೇಳಿದರು. ಮುಗಿದ ಮೇಲೆ ನೀಲಮ್ಮನವರು ರೇಡಿಯೋ ಆರಿಸಿ, "ಚೆನ್ನಾಗಿ ಬಂತು. ಕೇಳೋರೇ ಇರ್ಲಿಲ್ಲ, ಅಷ್ಟೆ" ಎಂದರು.

ಫೋನ್ ಗುಂಯ್ ಎಂದಿತು. ಗೊತ್ತಿಲ್ಲದ ನಂಬರು.

"ಎತ್ತಬೇಡ!" ಎಂದರು ಕೊಟ್ರೇಶಪ್ಪ. ನೀಲಮ್ಮನವರು ಎತ್ತಿದರು.

"ಅಕ್ಕಾ, ನಾನು ಸುಮಿತ್ರ, ಸಾಲದ ಕಂಪನಿ. ನಿಮ್ಮನೇಲಿ ಬೆಲ್ಲ ಕುಟ್ಟಿದ್ನಲ್ಲ! ರುದ್ರಮುನಿ ಸಾರ್ ಅವತ್ತು ಉಂಡೋರಿಗೆಲ್ಲ ಹೇಳಿದ್ರು. ಹಾಡು ಕೇಳಿದ್ವಿ ಅಕ್ಕಾ. ನಮ್ಮ ಆಫೀಸೆಲ್ಲ ಸುಮ್ನೆ ಕೂತ್ಕೊಂಡು ಕೇಳ್ತು."

ನೀಲಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, "ತಿಂಡಿ ಆತೇನವ್ವ?" ಎಂದರು.

ಅದಾದ ಮೇಲೆ ಸೈಟಿನವರು, ವಿಮೆಯವರು, ನೀರಿನ ಯಂತ್ರದ ದಪ್ಪನೆಯವನು. ಹತ್ತು ಗಂಟೆಯೊಳಗೆ ಹತ್ತೊಂಬತ್ತು ಕರೆ. ಸ್ಟಾಪ್‌ವಾಚ್ ನನ್ನ ಕೈಯಲ್ಲೇ ಇತ್ತು. ಹಿಂದೆ ಇದೇ ಜನರನ್ನು ನಾಲ್ಕು ಸೆಕೆಂಡಿನಲ್ಲಿ ಕತ್ತರಿಸುತ್ತಿದ್ದ ನೀಲಮ್ಮನವರು ಅಂದು ಮಾತಾಡಿದ್ದು ಕರೆಯೊಂದಕ್ಕೆ ಸರಾಸರಿ ಏಳು ನಿಮಿಷ ಐವತ್ತು ಸೆಕೆಂಡು.

ಹಿಂದಿನ ದಿನ ಅದೇ ಸ್ಟಾಪ್‌ವಾಚಿನಲ್ಲಿ ಇನ್ನೊಂದನ್ನೂ ಅಳೆದಿದ್ದೆ. ಗಂಗಜ್ಜಿಯ ಕರೆಯನ್ನು ಹರಿಹರದಲ್ಲಿರುವ ಅವರ ಸ್ವಂತ ಮಗ ಕತ್ತರಿಸಲು ಹಿಡಿದ ಕಾಲ ೧.೮ ಸೆಕೆಂಡು.