ಬ್ಯಾಟರಿ ಇಲ್ಲದ ಲೋಡರ್

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಹೊಲವಿದೆ. ಹೊಲ ಅನ್ನುವುದು ಮರ್ಯಾದೆಗೆ, ಇರುವುದೆಲ್ಲ ಬಂಡೆ. ಅಲ್ಲಿ ಪೇಂಟ್‌ಬಾಲ್ ಆಟ ಶುರು ಮಾಡಿದ ಮೇಲೆ ನಾನು ನಗದೆ ಮನೆಗೆ ಹೋದ ದಿನ ಇಲ್ಲ. ಅಳು ಬರುವಂಥ ದಿನಗಳೂ ಇದ್ದವು. ಅವತ್ತೂ ಸಂಜೆಯೊಳಗೆ ಯಾರಾದರೂ ಬಂದು ಏನಾದರೊಂದು ಮಾಡಿ ನಗಿಸಿಯೇ ಹೋಗುತ್ತಿದ್ದರು.

ಆಟ ನೋಡದವರಿಗೆ ಇಷ್ಟು ಹೇಳಿದರೆ ಸಾಕು. ಮುಖವಾಡ ಹಾಕಿಕೊಂಡು ಬಂಡೆ ಮರೆಯಲ್ಲಿ ಕೂತು ಎದುರಿನ ತಂಡಕ್ಕೆ ಬಣ್ಣದ ಗುಂಡು ಹೊಡೆಯಬೇಕು. ಗುಂಡು ಒಡೆದು ಅಂಗಿಗೆ ಬಣ್ಣ ಹತ್ತಿದರೆ ಔಟ್. ಗುಂಡುಗಳನ್ನು ತುಂಬುವ ಡಬ್ಬಿಯೊಂದು ಗನ್ನಿನ ತಲೆಯ ಮೇಲೆ ಕೂತಿರುತ್ತದೆ, ಅದಕ್ಕೆ ಲೋಡರ್ ಅನ್ನುತ್ತಾರೆ. ನನ್ನ ಪಾಲಿನ ನಗುವೆಲ್ಲ ಬಂದದ್ದು ಆ ಡಬ್ಬಿಯಿಂದ.

ಅದಕ್ಕೂ ಮೊದಲು ನಾನು ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ಕೆಲಸ ಬಿಟ್ಟು ಈ ಆಟ ಹೂಡಲು ಅಪ್ಪನೂ ಒಂದು ಕಾರಣ. ಅಪ್ಪ ಬೋರ್ಡ್ ಬರೆಯುವ ಪೇಂಟರ್. ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ಅವರ ಅಕ್ಷರ ಇಲ್ಲದ ಬಜಾರೇ ಇರಲಿಲ್ಲ. ಆಮೇಲೆ ಕೈ ನಡುಗುವುದು ಶುರುವಾಯಿತು. ಮಾತ್ರೆಯಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಅಂದರು ಡಾಕ್ಟರು. ಬ್ರಷ್ ಕೆಳಗಿಟ್ಟದ್ದಕ್ಕಿಂತ ನನಗೆ ಸಂಕಟ ಕೊಟ್ಟದ್ದು ಅವರ ಚಹಾ. ದಿನಾ ಬೆಳಿಗ್ಗೆ ಹೋಟೆಲಿನಲ್ಲಿ ಗೆಳೆಯರ ಜೊತೆ ಚಹಾ ಕುಡಿಯುತ್ತಿದ್ದವರು ಅದನ್ನು ನಿಲ್ಲಿಸಿಬಿಟ್ಟರು. ಮನೆಯಲ್ಲೂ ಚೆಲ್ಲದಿರಲಿ ಅಂತ ಅರ್ಧ ಕಪ್ಪೇ, ಅದನ್ನೂ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದರು. ಅವರನ್ನು ಮತ್ತೆ ನಾಲ್ಕು ಜನರ ನಡುವೆ ಕೂರಿಸಬೇಕು ಅನ್ನುವುದೊಂದೇ ನನ್ನ ಆಸೆ.

ಹೊಂಡ ತೋಡುವ ಲೋಡರ್

ನಮ್ಮ ಕಡೆ ಲೋಡರ್ ಅಂದರೆ ಸಂಡೂರಿನ ಗಣಿಗಳಲ್ಲಿ ಅದಿರು ತುಂಬುವ ದೈತ್ಯ ಯಂತ್ರ. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ, "ಲೋಡರ್ ಸಾದಾ ಇದ್ರ ಸಾಕ್ರಿ, ರಿಪೇರಿ ಕಮ್ಮಿ ಇರಬೇಕು" ಅಂದದ್ದು ಯಾರದೋ ಕಿವಿಗೆ ಬಿದ್ದಿದೆ. ಸಂಜೆಯೊಳಗೆ ಪೇಂಟರ ಮಗಳು ಲೋಡರ್ ತಗೊಂಡಳು ಅಂತ ಸುದ್ದಿ. ಮರುದಿನ ಒಬ್ಬ ಡ್ರೈವರ್ ಲೈಸೆನ್ಸ್ ಹಿಡಿದು ಬಂದ. ಅವನ ಹಿಂದೆಯೇ ನೀಲಗುಂದದಿಂದ ನಮ್ಮ ಸೋದರಮಾವ ಬಂದರು. ಹೊಲದಲ್ಲಿ ಕೃಷಿಹೊಂಡ ತೋಡಬೇಕಂತೆ, ಮೊದಲ ಪಾಳಿ ಅವರದೇ ಇರಬೇಕಂತೆ.

ನಾನು ನಮೂನೆಗೆ ಅಂತ ಮೊದಲೇ ಬಂದಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ತಂದು ಅವರ ಕೈಗಿಟ್ಟೆ. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿದರು, ಮುಚ್ಚಳ ತೆಗೆದು ಒಳಗೆ ಇಣುಕಿದರು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಬೆನ್ನು ಸವರಿದರು.

"ಇರ್ಲಿ ಬಿಡವ್ವ. ಮದ್ಲು ಸಣ್ಣದ್ರಿಂದಾನ ಚಾಲೂ ಮಾಡಬೇಕು. ಮುಂದ ದೊಡ್ಡದು ತಗೊಂಡಾಗ ನಮ್ಮ ಹೊಂಡ ಮರೀಬ್ಯಾಡ."

ಅಳಿಯ

ಲೋಡರ್‌ಗಳಲ್ಲಿ ಎರಡು ಜಾತಿ. ಒಂದಕ್ಕೆ ಬ್ಯಾಟರಿ, ಮೋಟರು, ಒಳಗೊಂದು ಚಕ್ರ. ತಾನೇ ಗುಂಡು ತಳ್ಳುತ್ತದೆ. ಇನ್ನೊಂದು ಬರೀ ಡಬ್ಬಿ ಮತ್ತು ಮುಚ್ಚಳ. ಗುಂಡುಗಳು ತಮ್ಮ ಭಾರಕ್ಕೆ ತಾವೇ ಕೆಳಗೆ ಬೀಳಬೇಕು, ಸಿಕ್ಕಿಕೊಂಡರೆ ಗನ್ ಅಲುಗಾಡಿಸಬೇಕು. ಸಾದಾ ಸಾಕು ಅಂದಿದ್ದರೂ ಮಾರುವವನ ಮಾತಿಗೆ ಮರುಳಾಗಿ ನಾನು ಮೊದಲು ಬ್ಯಾಟರಿಯದೇ ಒಂದನ್ನು ತರಿಸಿದೆ.

ನನ್ನ ಪಾಲುದಾರ ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ ಭಾಯಿ. ಅವರು ಕೊಟ್ಟೂರಿನ ತಮ್ಮ ಅತ್ತೆಮನೆಯಲ್ಲೇ ಇರುವ ಮನೆ ಅಳಿಯ. ಒಂದು ವಾರ ಆ ಲೋಡರ್ ಅವರನ್ನು ಗೋಳು ಹೊಯ್ದುಕೊಂಡಿತು. ಧೂಳು ಹೊಕ್ಕರೆ ನಿಲ್ಲುತ್ತಿತ್ತು, ಒಂದು ಗುಂಡು ಒಳಗೇ ಒಡೆದರೆ ನಿಲ್ಲುತ್ತಿತ್ತು. ದಿನಾ ಬಿಚ್ಚಬೇಕು, ತೊಳೆಯಬೇಕು, ಒರೆಸಬೇಕು, ಬ್ಯಾಟರಿ ಬದಲಿಸಬೇಕು. ಕೊನೆಗೆ ಸ್ಕ್ರೂಡ್ರೈವರ್ ಕೆಳಗಿಟ್ಟು ಭಾಯಿ ನಿಟ್ಟುಸಿರು ಬಿಟ್ಟರು.

"ಇದು ಲೋಡರ್ ಅಲ್ರಿ ಅಕ್ಕಾ, ಅಳಿಯ. ದಿನಾ ಉಪಚಾರ ಮಾಡಬೇಕು. ಒಂದಿನ ತಪ್ಪಿದ್ರ ಮುನಿಸ್ಕೊಂಡು ಕುಂದರ್ತತಿ."

ನಾನು ಅವರನ್ನೇ ನೋಡುತ್ತ ನಗು ತಡೆದುಕೊಂಡೆ. ಅವರಿಗೆ ಅರ್ಥವಾಯಿತು.

"ನಮ್ಮತ್ತಿ ಪುಣ್ಯ ಮಾಡ್ಯಾಳ್ರಿ," ಅಂದರು ಗಂಭೀರವಾಗಿ, "ಆಕಿಗೆ ಸಿಕ್ಕಿದ್ದು ಸಾದಾ ಮಾಡಲ್."

ನಾವೂ ಸಾದಾ ಮಾಡಲ್ ಅನ್ನೇ ತರಿಸಿದೆವು.

ಇದೂ ಒಂದು ಪೇಂಟಾ

ಅಪ್ಪನಿಗೆ ಆಸೆ ಹುಟ್ಟಲಿ ಅಂತ ಒಂದು ಹಿಡಿ ಗುಂಡು ಮನೆಗೆ ಒಯ್ದೆ. ಪೇಂಟ್ ಅನ್ನುವ ಮಾತಿಗೆ ಅವರ ಕಣ್ಣು ಅರಳಿತು. ಒಂದು ಗುಂಡನ್ನು ಬೆರಳಲ್ಲಿ ಒಡೆದು, ಮೂಸಿ, ಗೋಡೆಗೆ ಹಚ್ಚಿ ನೋಡಿದರು. ಅವ್ವ ಬೈಯುತ್ತ ಬಂದು ಒದ್ದೆ ಬಟ್ಟೆಯಿಂದ ಒರೆಸಿದಳು, ಗೋಡೆ ಮೊದಲಿನಂತಾಯಿತು. ಅಪ್ಪನ ಮುಖ ಸಪ್ಪಗಾಯಿತು. ಅವರು ಹಡಗಲಿಯ ಒಂದು ಗೋಡೆಯ ಮೇಲೆ ಬರೆದ ಚಹಾಪುಡಿಯ ಜಾಹೀರಾತು ಇವತ್ತಿಗೂ ಇದೆ, ಆ ಚಹಾಪುಡಿಯೇ ಈಗ ಇಲ್ಲ.

"ತೊಳದ್ರ ಹೋಗೋದು ಪೇಂಟೇನವ್ವ?" ಅಂದರು. "ಹೋಗ್ಲಿ ಬಿಡು, ಇದಕ್ಕ ಮಂದಿ ರೊಕ್ಕ ಕೊಡ್ತಾರಂದ್ರ ನಾನು ಸುಮ್ಮನ ಗಟ್ಟಿ ಪೇಂಟ್ ಹಚ್ಚಿದೆ."

ಅಲುಗಾಡ್ರಿ

ಒಂದು ಮದುವೆಯ ಬಳಗ ಬಂತು. ಗಂಡು ಅರಸೀಕೆರೆಯವನು, ಹೆಣ್ಣು ಹಡಗಲಿಯವಳು. ಮದುಮಗ ಬಹಳ ಸಂಭಾವಿತ, ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು. ನಾನು ಎಲ್ಲರಿಗೂ ಆಟ ವಿವರಿಸಿ, "ಗುಂಡು ಸಿಕ್ಕೊಂಡ್ರ ಜೋರಾಗಿ ಅಲುಗಾಡ್ರಿ" ಅಂದೆ. ಅಲುಗಾಡಸ್ರಿ ಅನ್ನಬೇಕಿತ್ತು, ಬಾಯಿ ತಪ್ಪಿತು.

ಆಟದ ನಡುವೆ ಮದುಮಗನ ಗುಂಡು ಸಿಕ್ಕಿಕೊಂಡಿತು. ಅವನು ಹೇಳಿದ್ದನ್ನು ಹೇಳಿದ ಹಾಗೆ ಪಾಲಿಸಿದ. ಗನ್ನನ್ನು ಎದೆಗೆ ಗಟ್ಟಿಯಾಗಿ ಅವುಚಿಕೊಂಡು, ಬಂಡೆ ಪಕ್ಕದಲ್ಲಿ ನಿಂತು, ಅಡಿಯಿಂದ ಮುಡಿಯವರೆಗೆ ತಾನೇ ಅಲುಗಾಡತೊಡಗಿದ. ಬೇಲಿಯಾಚೆ ಕೂತಿದ್ದ ಹೆಣ್ಣಿನ ಅಜ್ಜಿ ಅದನ್ನು ನೋಡಿ ಎದ್ದು ನಿಂತಳು. ಮೊಮ್ಮಗಳ ಗಂಡನ ಮೈಮೇಲೆ ಅಮ್ಮ ಬಂದಿದ್ದಾಳೆ ಅಂತಲೇ ತಿಳಿದಳು. ಸೆರಗು ಹೊದ್ದು, ಕೈ ಮುಗಿದು, ತನ್ನ ಮೊಣಕಾಲು ನೋವು ಯಾವಾಗ ಕಡಿಮೆಯಾಗುತ್ತದೆ ಅಂತ ಕೇಳಿದಳು. ಹಿರಿಯರು ಕೇಳಿದ ಮೇಲೆ ಉತ್ತರ ಕೊಡದಿದ್ದರೆ ಚೆನ್ನಾಗಿರುವುದಿಲ್ಲ ಅಂತ ಅವನು ಅಲುಗಾಡುತ್ತಲೇ, "ಸೋಮವಾರ" ಅಂದ.

ಅವತ್ತಿನಿಂದ ನಾನು ಪ್ರತಿ ತಂಡಕ್ಕೂ ಬಿಡಿಸಿ ಹೇಳುತ್ತೇನೆ: ಗನ್ ಅಲುಗಾಡಸ್ರಿ, ನೀವು ಅಲುಗಾಡಬ್ಯಾಡ್ರಿ. ಮಂಗಳವಾರ ಹಡಗಲಿಯಿಂದ ಫೋನ್ ಬಂತು. ಅಜ್ಜಿಯ ಮೊಣಕಾಲು ಹಗುರವಾಗಿದೆಯಂತೆ, ಇನ್ನು ಸೊಂಟದ ಸಲುವಾಗಿ ಕೇಳಬೇಕಂತೆ.

ಚಹಾದ ಗೆಳೆಯರು

ಒಂದು ಭಾನುವಾರ ಅಪ್ಪನ ಚಹಾದ ಗೆಳೆಯರನ್ನು ನಾನೇ ಕರೆದೆ. ಒಬ್ಬರು ರಿಟೈರಾದ ಬಸ್ ಕಂಡಕ್ಟರ್, ಒಬ್ಬರು ಬಟ್ಟೆ ಅಂಗಡಿಯವರು, ಇನ್ನೊಬ್ಬರು ಪೋಸ್ಟ್ ಮಾಸ್ತರಾಗಿದ್ದವರು. ನಮ್ಮ ಬೋರ್ಡಿನ ಅಕ್ಷರ ಸರಿ ಇದೆಯಾ ನೋಡು ಬಾ ಅಂತ ಸುಳ್ಳು ಹೇಳಿ ಅಪ್ಪನನ್ನೂ ಕರೆತಂದೆ. ಗೆಳೆಯರನ್ನು ಕಂಡದ್ದೇ ಅವರು ಟವೆಲ್ ಕೆಳಗೆ ಕೈ ಬಚ್ಚಿಟ್ಟುಕೊಂಡು ಹೊಲದ ಗುಡಿಸಲಿನ ಮೂಲೆಯಲ್ಲಿ ಕೂತರು.

ನಾನು ಅಭ್ಯಾಸಬಲದಿಂದ ಪಾಠ ಒಪ್ಪಿಸಿದೆ. "ಗನ್ ಅಲುಗಾಡಸ್ರಿ, ನೀವು ಅಲುಗಾಡಬ್ಯಾಡ್ರಿ" ಅನ್ನುತ್ತಿದ್ದಂತೆ ಟವೆಲ್ ಇನ್ನಷ್ಟು ಬಿಗಿಯಾಯಿತು. ನಾಲಗೆ ಕಚ್ಚಿಕೊಂಡೆ. ಕರೆಯಲೇಬಾರದಿತ್ತು ಅನ್ನಿಸಿ ಕಣ್ಣು ತುಂಬಿತು.

ಮೂವರಿದ್ದರು, ಎರಡು ತಂಡಕ್ಕೆ ಒಬ್ಬರು ಕಡಿಮೆ. ಕಂಡಕ್ಟರ್ ನೇರ ಅಪ್ಪನ ಮುಂದೆ ಹೋಗಿ ನಿಂತು ಏಳು ಅಂದರು.

"ನನ್ನ ಕೈ ನೋಡಿಯೋ ಇಲ್ಲೋ?" ಅಂದರು ಅಪ್ಪ.

"ನಿನ್ನ ಕೈ ನಾ ಯಾಕ ನೋಡ್ಲಿ, ಜ್ಯೋತಿಷಿನಾ? ಏಳಲೇ."

ಅಪ್ಪ ಎದ್ದರು. ಭಾಯಿ ಮುಖವಾಡ ಕಟ್ಟಿ ಗನ್ ಕೊಟ್ಟರು. ಅಪ್ಪ, ಬಟ್ಟೆ ಅಂಗಡಿಯವರು ಒಂದು ಕಡೆ, ಕಂಡಕ್ಟರ್, ಪೋಸ್ಟ್ ಮಾಸ್ತರು ಇನ್ನೊಂದು ಕಡೆ. ಅವತ್ತು ಬಿಸಿಲು ಹೆಚ್ಚು, ಗುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಎರಡು ಗುಂಡು ಹೊಡೆಯುವುದರೊಳಗೆ ಮೂವರ ಗನ್ನೂ ನಿಂತಿತು. ಅಲುಗಾಡಿಸಬೇಕು ಅನ್ನುವುದು ಯಾರಿಗೂ ನೆನಪಿಲ್ಲ. ಆದರೆ ಒಂದು ಬಂಡೆಯ ಹಿಂದಿನಿಂದ ಮಾತ್ರ ಗಲಗಲ, ಗಲಗಲ ಸದ್ದು, ಅದರ ಜೊತೆ ಬಿಡುವಿಲ್ಲದ ಗುಂಡು. ಅಪ್ಪನ ಲೋಡರ್ ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಗುರಿ ಮಾತ್ರ ದೇವರಿಗೇ ಪ್ರೀತಿ. ಕಂಡಕ್ಟರಿಗೆ ಹೊಡೆದ ಗುಂಡು ಕಂಡಕ್ಟರಿಗೂ ಬಿತ್ತು, ಪೋಸ್ಟ್ ಮಾಸ್ತರಿಗೂ ಬಿತ್ತು, ತಮ್ಮದೇ ತಂಡದ ಬಟ್ಟೆ ಅಂಗಡಿಯವರಿಗೂ ಬಿತ್ತು.

ಕಂಡಕ್ಟರ್ ಮೈತುಂಬ ಬಣ್ಣದೊಂದಿಗೆ ಬಂದು ಜಗಳಕ್ಕೆ ನಿಂತರು. ಇದು ಮೋಸ, ಮಗಳು ಅಪ್ಪನಿಗೆ ಮಾತ್ರ ಬ್ಯಾಟರಿ ಗನ್ ಕೊಟ್ಟಿದ್ದಾಳೆ ಅಂತ ಅವರ ತಕರಾರು. ಅಪ್ಪನ ಗನ್ ಕಸಿದುಕೊಂಡು ತಮ್ಮದನ್ನು ಅವರಿಗೆ ಕೊಟ್ಟರು. ಸಿಕ್ಕಿಕೊಂಡಿದ್ದ ಆ ಗನ್ನೂ ಅಪ್ಪನ ಕೈಗೆ ಹೋದದ್ದೇ ಗಲಗಲ ಅಂದಿತು, ಗುಂಡು ಹಾರಿತು. ಕಸಿದುಕೊಂಡದ್ದು ಕಂಡಕ್ಟರ ಕೈಯಲ್ಲಿ ಮೂಕವಾಯಿತು.

ಎಲ್ಲರೂ ಅಪ್ಪನ ಕೈ ನೋಡಿದರು. ನಾನು ಉಸಿರು ಹಿಡಿದು ನಿಂತೆ. ಅಪ್ಪನೂ ತಮ್ಮ ಕೈಯನ್ನೇ, ಬೇರೆ ಯಾರದೋ ಕೈ ನೋಡುವಂತೆ ನೋಡಿದರು. ಆಮೇಲೆ ಮುಖವಾಡ ಮೇಲೆತ್ತಿದರು.

"ಬ್ಯಾಟರಿ ಗನ್ನಾಗಿಲ್ಲಲೇ," ಅಂದರು, "ನನ್ನಾಗೈತಿ."

ಮೊದಲು ನಕ್ಕವರು ಅವರೇ. ಕಂಡಕ್ಟರ್ ಬಂಡೆಗೆ ಒರಗಿ ನಕ್ಕು ನಕ್ಕು ಕೆಮ್ಮಿದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು, ಚಹಾ ತರುವ ನೆಪದಲ್ಲಿ ಗುಡಿಸಲಿನೊಳಗೆ ಓಡಿದೆ.

ಚಹಾ ತಂದಾಗ ನಾಲ್ವರೂ ಒಂದೇ ಚಾಪೆಯ ಮೇಲೆ ಕೂತಿದ್ದರು. ಟವೆಲ್ ಅಪ್ಪನ ಹೆಗಲ ಮೇಲಿತ್ತು. ಮೂವರಿಗೆ ಕಪ್ ತುಂಬ ಕೊಟ್ಟು, ರೂಢಿಯಂತೆ ಅಪ್ಪನಿಗೆ ಅರ್ಧ ಕಪ್ ಹಿಡಿದೆ. ಅವರು ಕಪ್ಪಿನೊಳಗೆ ಇಣುಕಿ, ಅದನ್ನು ನನಗೇ ವಾಪಸ್ ಕೊಟ್ಟರು.

"ತುಂಬಿಸ್ಕೊಂಡು ಬಾರವ್ವ," ಅಂದರು. "ಅರ್ಧ ನನಗ, ಅರ್ಧ ಈ ಕಂಡಕ್ಟರನ ಅಂಗಿಗೆ."