ಎದೆಯ ಗುರುತು ತಿದ್ದಿದ ದರ್ಜಿಯಿಂದ ಕಿರಣಯಂತ್ರಕ್ಕೆ

ಮಾನ್ಯ ಕಿರಣಯಂತ್ರ ಮಹಾಶಯರೇ,

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮೊಳ ದಪ್ಪದ ಬಾಗಿಲ ಹಿಂದೆ ಒಬ್ಬರೇ ವಿರಾಜಮಾನರಾಗಿರುವ ತಮಗೆ, ನಲವತ್ತು ವರ್ಷ ಅಂಗಿ ಹೊಲಿದು ಈಗ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಹೊತ್ತಿರುವ ದರ್ಜಿಯ ನಮಸ್ಕಾರಗಳು. ಸಾಷ್ಟಾಂಗವೇ ಹಾಕಬೇಕಿತ್ತು, ತಾವು ದಿನವೂ ಅಂಗಾತ ಮಲಗಿಸುವುದರಿಂದ ಅಂಗಾತವೇ ಹಾಕುತ್ತಿದ್ದೇನೆ.

ತಮ್ಮ ಕಸುಬಿನಲ್ಲಿ ಕೊಂಕು ತೆಗೆಯುವಷ್ಟು ದೊಡ್ಡವನು ನಾನಲ್ಲ. ಪ್ರತಿ ಸೋಮವಾರ ಮೇಲಿನ ಮಹಡಿಯಲ್ಲಿ ಕೀಮೋ ಬಾಟಲಿಯವರು ತೊಟ್ಟು ತೊಟ್ಟಾಗಿ ನನ್ನೊಳಗೆ ಇಳಿಯುತ್ತಾರೆ, ಆಮೇಲೆ ಕೆಳಗೆ ತಾವು ಕಿರಣ ಬಿಡುತ್ತೀರಿ. ಎರಡೂ ಒಟ್ಟಿಗೆ ಯಾಕೆಂದು ಡಾಕ್ಟರು ಬಿಡಿಸಿ ಹೇಳುವ ಮೊದಲೇ ನನಗೆ ಹೊಳೆದಿತ್ತು: ನೀರು ಚಿಮುಕಿಸಿ ಇಸ್ತ್ರಿ ಹಾಕಿದರೆ ಎಂಥ ಮೊಂಡು ಸುಕ್ಕೂ ಬಿಡುತ್ತದೆ. ಆದರೆ ತಮ್ಮ ಇಸ್ತ್ರಿಯ ಬಿಸಿ ಅನ್ನನಾಳಕ್ಕೂ ತಗಲಿ, ನೀರು ಕುಡಿದರೂ ಗುಂಡುಸೂಜಿ ನುಂಗಿದಂತಾಗುತ್ತದೆ. ನಲವತ್ತು ವರ್ಷ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದನ್ನೂ ನುಂಗದವನಿಗೆ ಇದೆಂಥ ಅವಮಾನ!

ನನ್ನ ದೂರು ಗುರುತಿನದು. ತಮ್ಮ ಕಿರಣಕ್ಕೆ ದಾರಿ ತೋರಲೆಂದು ಎದೆಯ ಮೇಲೆ ಶಾಯಿಯಲ್ಲಿ ಹಾಕಿದ ಮೂರು ಗುರುತುಗಳನ್ನು ಕನ್ನಡಿಯಲ್ಲಿ ನೋಡಿದೆ. ಎಡಗಡೆಯದು ಅರ್ಧ ಇಂಚು ಕೆಳಗಿತ್ತು. ಕೈ ಸುಮ್ಮನಿರಲಿಲ್ಲ. ಅಳಿಸಿ, ಟೇಪು ಹಿಡಿದು, ನೆಟ್ಟಗೆ ಬರೆದೆ.

ಮರುದಿನ ತಮ್ಮನ್ನು ನಡೆಸುವ ಅಮ್ಮಣ್ಣಿ ನನ್ನ ಎದೆ ನೋಡಿ ಹೌಹಾರಿದರು. “ಅಜ್ಜಾ, ಇದೇನು ಅಂಗಿ ಜೇಬಾ, ಎರಡೂ ಕಡೆ ಸಮ ಇರೋಕೆ? ಗಡ್ಡೆ ನೋಡಿ ಹಾಕಿದ ಗುರುತು ಕಣಜ್ಜ!” ನನ್ನ ಮನೆಯವಳು ಬಿಟ್ಟಾಳೆಯೇ? “ಗಿರಾಕಿ ಬಂದು ನಿಮ್ಮ ಕತ್ತರಿಗೆ ಕೈ ಹಾಕಿದ್ರೆ ಸುಮ್ನಿರ್ತಿದ್ರಾ ನೀವು?”

ಸರಿ, ಮತ್ತೆ ಸ್ಕ್ಯಾನು, ಮತ್ತೆ ಗುರುತು, ಒಂದು ದಿನ ಹಾಳು. ತಪ್ಪು ನನ್ನದೇ. ಪರಿಹಾರವಾಗಿ ನನ್ನದೊಂದೇ ಕೋರಿಕೆ: ತಾವು ಒಮ್ಮೆ ನನ್ನ ಅಂಗಡಿಗೆ ದಯಮಾಡಿಸಿ, ಎರಡೂ ಕೈ ಎತ್ತಿ, ಕೆಮ್ಮದೆ, ಮೂಗು ತುರಿಸಿದರೂ ಅಲುಗಾಡದೆ ಕಾಲು ಗಂಟೆ ಅಳತೆ ಕೊಡಬೇಕು.

ಮರುಸ್ಕ್ಯಾನಿನಲ್ಲಿ ಗಡ್ಡೆ ಕೊಂಚ ಕುಗ್ಗಿದಂತೆ ಕಂಡಿತಂತೆ. ಬಟ್ಟೆ ಕುಗ್ಗಿದರೆ ಗಿರಾಕಿಗಳು ಜಗಳಕ್ಕೆ ಬರುತ್ತಾರೆ. ನಾನು ಬರುವುದಿಲ್ಲ. ದಯವಿಟ್ಟು ಇನ್ನೂ ಕುಗ್ಗಿಸಿ.

ಇನ್ನು ಟೇಪು ಮುಟ್ಟದ, ತಮ್ಮ ವಿಶ್ವಾಸಿ,
ದರ್ಜಿ

ತಾ.ಕ.: ಬೆನ್ನು ಪೂರ್ತಿ ತೆರೆದಿರುವ ತಮ್ಮ ಆಸ್ಪತ್ರೆಯ ಗೌನನ್ನು ಹೊಲಿದ ಮಹಾನುಭಾವರಿಗೂ ಒಂದು ಪತ್ರ ಬರೆಯುವುದಿದೆ. ಅದು ಬಹಳ ಉದ್ದದ ಪತ್ರ. ಮುಗಿಸಲು ನನಗೆ ಏನಿಲ್ಲವೆಂದರೂ ಹತ್ತು ವರ್ಷ ಬೇಕು. ಚಿಕಿತ್ಸೆಯಲ್ಲಿ ಇನ್ನುಳಿದ ಹನ್ನೊಂದು ದಿನ ತಾವು ಅದಕ್ಕೆ ತಕ್ಕಂತೆ ಕೆಲಸ ಮಾಡತಕ್ಕದ್ದು.