ಮೇಷ್ಟ್ರ ಸರಳ ರೇಖೆ

ಸರಿಯಾಗಿ ಆ ದಿನವೇ ಗಣಿತದ ಮೇಷ್ಟ್ರ ಸೈಕಲ್ಲಿನ ಎರಡೂ ಚಕ್ರಗಳು ಗಾಳಿ ಬಿಟ್ಟುಕೊಂಡು ಮುನಿಸಿಕೊಂಡಂತೆ ಕೂತಿದ್ದವು.

ಹತ್ತು ಗಂಟೆಗೆ ಹೆಡ್‌ಮಾಸ್ಟರು ಶಾಲೆಯ ಆವರಣದಲ್ಲಿ ಖಾಲಿ ಬಿದ್ದಿದ್ದ ಒಂದೇ ಒಂದು ಕ್ವಾರ್ಟರ್ಸನ್ನು ಹಂಚುವವರಿದ್ದರು. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರಿಗಿಂತ ದೂರ ಇರುವವರಿಗೆ ಮಾತ್ರ. ತಡವಾಗಿ ಬಂದವರಿಗೆ ಇಲ್ಲವೇ ಇಲ್ಲ. ಕೇಳಿದ್ದವರು ಇಬ್ಬರು: ಮೇಷ್ಟ್ರು ಮತ್ತು ಅವರ ಎದುರು ಮನೆಯ ಡ್ರಿಲ್ ಮಾಸ್ತರು. ಡ್ರಿಲ್ ಮಾಸ್ತರು ಆಗಲೇ ಹೊರಟಾಗಿತ್ತು.

“ಕೀಲಿಕೈ ಇಲ್ದೆ ಮನೆಗೆ ಬರ್ಬೇಡಿ,” ಎಂದಳು ಹೆಂಡತಿ. “ಈ ಅಡುಗೆಮನೇಲಿ ನಾನು ಒಂದು ಸಲ ತಿರುಗ್ಬೇಕಾದ್ರೆ ಪಾತ್ರೆಗಳೆಲ್ಲ ಹೊರಗೆ ಹೋಗಿ ನಿಲ್ಬೇಕು.”

ಶಾಲೆ ಹಿತ್ತಿಲಿಗೇ ಕಾಣುತ್ತಿತ್ತು. ಅಲ್ಲಿ ಗಂಟೆ ಬಾರಿಸಿದರೆ ಇಲ್ಲಿ ಲೋಟ ನಡುಗುತ್ತಿತ್ತು. ಆದರೆ ರಸ್ತೆಗೆ ಅಷ್ಟು ಬುದ್ಧಿ ಇರಲಿಲ್ಲ. ಅದು ಕಾರ್ಖಾನೆಯ ಗೋಡೆಯನ್ನು ಸುತ್ತಿ, ಸೇತುವೆ ಹತ್ತಿಳಿದು, ಮೂರು ಕಿಲೋಮೀಟರ್ ಅಲೆದ ಮೇಲೆ ಶಾಲೆಯ ಗೇಟು ತೋರಿಸುತ್ತಿತ್ತು. ನಡೆದು ಹೋಗಲು ಹೊತ್ತಿಲ್ಲ.

ಮೇಷ್ಟ್ರು ಹಿತ್ತಿಲ ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿದರು. ಇಪ್ಪತ್ತು ವರ್ಷ ಪಾಠ ಮಾಡಿದ ಸರಳ ರೇಖೆ ಇವತ್ತು ಕೆಲಸಕ್ಕೆ ಬಾರದಿದ್ದರೆ ಇನ್ನು ಯಾವತ್ತು?

ರೇಖೆ ಮೊದಲು ದರ್ಜಿಯ ಮನೆಯೊಳಗೆ ಹೋಗುತ್ತಿತ್ತು. ಮೇಷ್ಟ್ರೂ ಹೋದರು. ಅಲ್ಲಿಂದಾಚೆಗೆ ಅದು ದರ್ಜಿಯ ಅತ್ತೆ ಮಲಗಿದ್ದ ಮಂಚದ ಮೇಲೆ ಹಾದು ಕಿಟಕಿಯಲ್ಲಿ ಇಳಿಯುತ್ತಿತ್ತು.

“ಗಾಬರಿಯಾಗ್ಬೇಡಿ ಅಮ್ಮ,” ಎಂದರು ಮೇಷ್ಟ್ರು, ಒಂದು ಕಾಲು ಎತ್ತಿ. “ರೇಖೆಗೆ ಉದ್ದ ಮಾತ್ರ ಇರೋದು, ದಪ್ಪ ಇರಲ್ಲ. ನಿಮಗೆ ತಾಗಲ್ಲ.”

“ರೇಖೆಗಿಲ್ಲಪ್ಪ, ನಿನಗಿದೆಯಲ್ಲ!” ಎಂದು ಮುದುಕಿ ಚೀರಿದಳು.

ಅವಳ ಮಾತು ಕಿಟಕಿಯಲ್ಲಿ ನಿಜವಾಯಿತು. ಮೇಷ್ಟ್ರು ಅರ್ಧ ಹೊರಗೆ, ಅರ್ಧ ಒಳಗೆ, ಬಾಟಲಿಗೆ ಬಿರಡೆ ಹಾಕಿದಂತೆ ಸಿಕ್ಕಿಕೊಂಡರು. ದರ್ಜಿ ಕೊರಳಲ್ಲಿದ್ದ ಟೇಪು ತೆಗೆದು ಹಿಂದಿನಿಂದ ಸೊಂಟ ಅಳೆದ.

“ಹೋದ್ಸಲ ನೀವು ಹೇಳಿದ ಅಳತೆ ಸುಳ್ಳು ಸಾರ್.”

“ಅಳೀಬೇಡಯ್ಯ, ತಳ್ಳು!”

ತಳ್ಳಿದ. ಮೇಷ್ಟ್ರು ಪಕ್ಕದ ಮನೆಯ ನರ್ಸಮ್ಮ ಒಣಹಾಕಿದ್ದ ಒದ್ದೆ ಸೀರೆಯೊಳಗೆ ಹೋಗಿ ಬಿದ್ದರು. ಅವರು ಸೀರೆ ಬಿಡಿಸಿಕೊಂಡು ಏಳುವ ಹೊತ್ತಿಗೆ ಬೀದಿಯ ಅರ್ಧ ಜನ, ಮಕ್ಕಳು ಮರಿಗಳ ಸಮೇತ, ಶಾಲೆಯ ಗೋಡೆಯ ಬಳಿ ನೆರೆದಿದ್ದರು. ಮೇಷ್ಟ್ರು ಗೋಡೆ ಹತ್ತತೊಡಗಿದರು.

“ಎಡಗಾಲು ಮೊದಲು ಹಾಕಿ ಮೇಷ್ಟ್ರೇ!”

“ಬಲಗಾಲು ಕಣ್ರೀ! ಬಿದ್ರೆ ಆಸ್ಪತ್ರೆಗೆ ಓಡೋಳು ನಾನು!” ಎಂದಳು ನರ್ಸಮ್ಮ.

ಇಬ್ಬರ ಮಾತನ್ನೂ ಕೇಳಿದ ಮೇಷ್ಟ್ರ ಎರಡೂ ಕಾಲು ಗಾಳಿಯಲ್ಲಿದ್ದವು. ಪರ್ರ್ ಎಂದು ಸದ್ದಾಯಿತು. “ಅದು ನನ್ನ ಹೊಲಿಗೆ ಅಲ್ಲ, ಬಟ್ಟೆ!” ಎಂದು ದರ್ಜಿ ಕೂಗುತ್ತಿರುವಾಗಲೇ ಮೇಷ್ಟ್ರು ಶಾಲೆಯೊಳಗೆ ಬಿದ್ದರು. ಬಿದ್ದದ್ದು ಹೆಡ್‌ಮಾಸ್ಟರ ಕಿಟಕಿಯ ಎದುರಿಗೇ. ಗಂಟೆ ಇನ್ನೂ ಹೊಡೆದಿರಲಿಲ್ಲ.

“ಭಲೇ!” ಎಂದರು ಹೆಡ್‌ಮಾಸ್ಟರು. “ಮನೆ ಬಿಟ್ಟು ಎಷ್ಟು ಹೊತ್ತಾಯ್ತು?”

“ಹತ್ತೇ ನಿಮಿಷ ಸಾರ್!” ಮೇಷ್ಟ್ರ ಎದೆ ಉಬ್ಬಿತು. “ಅದೂ ಕಿಟಕೀಲಿ ಸಿಕ್ಕಿಹಾಕ್ಕೊಂಡಿದ್ದೂ ಸೇರಿ.”

“ಹತ್ತು ನಿಮಿಷದಲ್ಲಿ ಎರಡು ಕಿಲೋಮೀಟರ್ ಓಡೋ ಶರೀರ ಅಲ್ಲ ನಿಮ್ದು.”

ಮೇಷ್ಟ್ರ ಮುಖದ ಬಣ್ಣ ಇಳಿಯಿತು. “ಸಾರ್, ರಸ್ತೇಲಿ ಮೂರು ಕಿಲೋಮೀಟರ್...”

“ಎರಡು ಬಿಂದುಗಳ ನಡುವಿನ ದೂರ ಅಂದ್ರೆ ಏನೂಂತ ಮಕ್ಕಳಿಗೆ ಹೇಳ್ಕೊಡ್ತೀರಿ?”

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ತಪ್ಪು ಉತ್ತರ ಹೇಳುವ ಅಭ್ಯಾಸ ಇರಲಿಲ್ಲ. “ಸರಳ ರೇಖೆಯ ಉದ್ದ,” ಎಂದು ಗೊಣಗಿದರು. “ಆದ್ರೆ ಡ್ರಿಲ್ ಮಾಸ್ತರ ಮನೆ ನಮ್ಮೆದುರಿಗೇ ಇದೆ ಸಾರ್!”

ಹೆಡ್‌ಮಾಸ್ಟರು ಕೋಣೆಯ ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದ ಡ್ರಿಲ್ ಮಾಸ್ತರ ಕಡೆ ತಿರುಗಿದರು. “ದೂರ ಅಂದ್ರೆ ಏನ್ರೀ?”

“ಕಾಲು ನೋಯೋದು ಸಾರ್.”

ಕೀಲಿಕೈ ಡ್ರಿಲ್ ಮಾಸ್ತರ ಜೇಬಿಗೆ ಹೋಯಿತು.

ಹರಿದ ಪ್ಯಾಂಟಿನಲ್ಲಿ ಇನ್ನೊಮ್ಮೆ ಗೋಡೆ ಹತ್ತುವಂತಿರಲಿಲ್ಲ. ಸಂಜೆ ಮೇಷ್ಟ್ರು ಹಾಜರಿ ಪುಸ್ತಕವನ್ನು ಹಿಂದಕ್ಕೆ ಹಿಡಿದುಕೊಂಡು ಮೂರು ಕಿಲೋಮೀಟರನ್ನೂ ನಡೆದರು. ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಮುಂಬಾಗಿಲಿನವರೆಗೆ ಬೀದಿಯ ಮಕ್ಕಳೆಲ್ಲ ಚೀಲ ಹೊತ್ತು, ಅಡುಗೆಮನೆಯ ನಡುವೆ, ಒಬ್ಬರ ಹಿಂದೆ ಒಬ್ಬರು, ಕೂದಲೆಳೆಯಷ್ಟೂ ಸೊಟ್ಟಗಾಗದೆ ಹಾದುಹೋಗುತ್ತಿದ್ದರು.

“ನಮಸ್ಕಾರ ಸಾರ್! ನಮಸ್ಕಾರ ಸಾರ್!”

ಪಾತ್ರೆಗಳನ್ನು ತಬ್ಬಿಕೊಂಡು ಗೋಡೆಗೆ ಅಂಟಿ ನಿಂತಿದ್ದ ಹೆಂಡತಿ ಕೇಳಿದಳು: “ಇವರೆಲ್ಲ ಹತ್ತು ನಿಮಿಷಕ್ಕೆ ಬಂದ್ರು. ಇಷ್ಟು ಹೊತ್ತು ಎಲ್ಲಿ ಸುತ್ತೋಕೆ ಹೋಗಿದ್ರಿ?”